ದೊಡ್ಡ ಗಾಡಿಯ ಹಿಂದೆ ಬಂದವರು

ಹೋದ ವರ್ಷದ ಮಳೆಗಾಲದ ಮಾತು. ಔರಾದ ಹತ್ತಿರದ ಹಳ್ಳಿಯಲ್ಲಿ ನಮ್ಮ ಚಿಕ್ಕಮ್ಮನ ಮೊಮ್ಮಗಳಿಗೆ ದೀಕ್ಷಾಸ್ನಾನವಿತ್ತು. ನಾನು ಭಾಲ್ಕಿಯ ಒಂದು ಆಸ್ಪತ್ರೆಯಲ್ಲಿ ನರ್ಸ್. ಬೆಳಗಿನ ಡ್ಯೂಟಿ ಮುಗಿಸಿ ಹೊರಗೆ ಬಂದರೆ ನನ್ನ ತಮ್ಮ ಸಾಮ್ಯುವೆಲ್ ತನ್ನ ಹೊಸ ಬೈಕಿನ ಜೊತೆ ಗೇಟಿನಲ್ಲಿ ಕಾಯುತ್ತಿದ್ದ. ಸುತ್ತ ನಾಲ್ಕು ಜನ ನಿಂತು ಬೈಕ್ ನೋಡುತ್ತಿದ್ದರು. ಅದು ಎಲ್ಲಿ ನಿಂತರೂ ಹಾಗೆಯೇ.

ಮೊದಲು ಆ ಬೈಕಿನ ವಿಷಯ ಹೇಳಿಬಿಡುತ್ತೇನೆ. ನಮ್ಮ ಮನೆ ಬೀದರದ ನೌಬಾದದಲ್ಲಿ. ಸಾಮ್ಯುವೆಲ್ ಔರಾದದ ಶಾಲೆಯಲ್ಲಿ ಮಾಸ್ತರ. ಆ ಊರಿಗೆ ರೈಲಿಲ್ಲ. ಬಸ್ಸಿಗೆ ಕಾದು ಕಾದು ಸಾಕಾಗಿ ಬೈಕ್ ಕೊಳ್ಳಲು ಹೊರಟ. ಹಿಮಾಲಯ ಹತ್ತುವವರು ಓಡಿಸುತ್ತಾರಲ್ಲ, ಆ ಥರದ ದೊಡ್ಡ ಅಡ್ವೆಂಚರ್ ಬೈಕ್ ಬೇಕೆಂದು ಅವನಿಗೆ ಕಾಲೇಜಿನಿಂದಲೂ ಆಸೆ. ಅದು ಮಾಸ್ತರಿಕೆಯ ಸಂಬಳಕ್ಕೆ ನಿಲುಕಲಿಲ್ಲ. ಅದೇ ಕಂಪನಿಯವರು ಅದೇ ಮೈಕಟ್ಟಿನೊಳಗೆ ಸಣ್ಣ ಎಂಜಿನ್ ಕೂಡಿಸಿ ಒಂದು ಬೈಕ್ ಮಾಡಿದ್ದರು. ಅದನ್ನು ತಂದ. ಉಬ್ಬಿದ ಟ್ಯಾಂಕ್, ಮುಂದೆ ಎತ್ತರದ ಗಾಜು, ಕುದುರೆಯ ಬೆನ್ನಿನಷ್ಟು ಎತ್ತರದ ಸೀಟು. ಕೂತರೆ ಸಾಮ್ಯುವೆಲನ ಕಾಲ್ಬೆರಳುಗಳು ಮಾತ್ರ ನೆಲಕ್ಕೆ ತಾಗುತ್ತಿದ್ದವು. "ಎಷ್ಟು ಸಿಸಿ ರಿ ಸರ?" ಎಂದು ಯಾರಾದರೂ ಕೇಳಿದರೆ ನಕ್ಕು ಸುಮ್ಮನಾಗುತ್ತಿದ್ದ.

ನಾನು ಬಿಡುವವಳೇ? "ಹೊಟ್ಟಿಗಿ ಹಿಟ್ಟಿಲ್ಲ, ಜುಟ್ಟಿಗಿ ಮಲ್ಲಿಗಿ ಹೂವು. ಇಷ್ಟು ದೊಡ್ಡ ಮೈಗಿ ಅಷ್ಟ ಸಣ್ಣ ಎಂಜಿನ್ ಯಾಕೋ? ಒಂದು ಸ್ಕೂಟರ್ ತರಬಾರದಾಗಿತ್ತಾ?" ಎಂದು ಅವತ್ತೂ ಚುಚ್ಚಿದೆ.

"ಅಕ್ಕಾ, ನಾ ಏನು ರೇಸಿಗಿ ಹೋಗ್ತೇನೇನು?" ಅಂದ. "ನಮ್ಮ ರಸ್ತಾದಾಗ ಜೋರ್ ಓಡಸ್ಲಾಕ ಎಲ್ಲಿ ಬರ್ತದ? ತಗ್ಗಿನ್ಯಾಗ ಇಳದ್ರ ತಳ ತಾಗಲ್ಲ, ಪೆಟ್ರೋಲ್ ಕಮ್ಮಿ ಕುಡೀತದ. ನಮಗ ಸಣ್ಣ ಎಂಜಿನ್ನೇ ಬರೋಬ್ಬರ್."

ಅವನ ಮಾತು ಸುಳ್ಳಲ್ಲ ಎಂದು ಹಿಂದೆ ಕೂತ ನನ್ನ ಸೊಂಟಕ್ಕೆ ಗೊತ್ತಿತ್ತು. ಬಾಯಿ ಮಾತ್ರ ಒಪ್ಪುತ್ತಿರಲಿಲ್ಲ.

ಹತ್ತಿರವಾಗುತ್ತದೆಂದು ಒಳದಾರಿ ಹಿಡಿದೆವು. ಮಳೆ ನಿಂತಿತ್ತು, ಆದರೆ ದಾರಿಯಲ್ಲಿದ್ದ ಹಳ್ಳದ ತಗ್ಗು ಸೇತುವೆಯ ಮೇಲೆ ಕೆಂಪು ನೀರು ಹರಿಯುತ್ತಿತ್ತು. ಮೊಳಕಾಲಿಗಿಂತ ಕೆಳಗೇ ಇದ್ದೀತು. ದಂಡೆಯಲ್ಲಿ ಐದಾರು ಗಾಡಿಗಳು ನಿಂತಿದ್ದವು. ನಮ್ಮ ಕಡೆ ಒಂದು ರೂಢಿಯಿದೆ. ಹಳ್ಳ ಬಂದಾಗ ಸಣ್ಣ ಗಾಡಿಯವರು ಯಾರೂ ಮೊದಲು ಇಳಿಯುವುದಿಲ್ಲ. ಟ್ರ್ಯಾಕ್ಟರೋ ಲಾರಿಯೋ ಬರುವತನಕ ಕಾಯುತ್ತಾರೆ. ಅದು ನೀರು ಸೀಳಿಕೊಂಡು ಹೋದರೆ ಅದರ ಬೆನ್ನಿಗೇ, ಅದರ ಜಾಡಿನಲ್ಲೇ ಉಳಿದವರು ದಾಟುತ್ತಾರೆ. ನಾನೂ ಎಷ್ಟೋ ಸಲ ಹಾಗೆ ದಾಟಿದವಳೇ. ಅವತ್ತು ಟ್ರ್ಯಾಕ್ಟರ್ ಬಂದಿರಲಿಲ್ಲ, ನಾವು ಬಂದೆವು.

"ಬರ್ರಿ ಸರ, ಬರ್ರಿ. ನಿಮ್ಮದು ದೊಡ್ಡ ಗಾಡಿ, ನೀವು ಮುಂದ ನಡೀರಿ. ನಿಮ್ಮ ಹಿಂದ ನಾವು ಬರ್ತೇವಿ" ಎಂದು ತಲೆಗೆ ಪಟಗ ಸುತ್ತಿದ್ದ ಮುದುಕರೊಬ್ಬರು ದಾರಿ ಬಿಡಿಸಿದರು.

ಅವರ ಪಕ್ಕದಲ್ಲಿ ಮೊಪೆಡ್ ಮೇಲೆ ಗಂಡ ಹೆಂಡತಿ ಇಬ್ಬರಿದ್ದರು. ಹೆಂಡತಿ ನನ್ನನ್ನು ಗುರುತು ಹಿಡಿದಳು. "ನೀವು ದವಾಖಾನ್ಯಾಗಿನ ಸಿಸ್ಟರ್ ಅಲ್ರಿ? ನಾವು ಭಾತಂಬ್ರಾದವ್ರು ರಿ. ನನ್ನ ಬಾಣಂತನದಾಗ ನೀವೇ ಇದ್ರಿ" ಎಂದಳು. ಹೆಸರು ಮಹಾದೇವಿ. ಗಂಡ ಶಿವರಾಜ. ಅವಳ ತಾಯಿಗೆ ಹುಷಾರಿಲ್ಲವೆಂದು ತವರಿಗೆ ಹೊರಟಿದ್ದರು. ಕೂಸನ್ನು ಅತ್ತೆಯ ಹತ್ತಿರ ಬಿಟ್ಟು ಬಂದಿದ್ದರಂತೆ.

ಸಾಮ್ಯುವೆಲ್ ನೀರನ್ನೂ ಜನರನ್ನೂ ನೋಡಿದ. ಅಷ್ಟು ದಿನ ಯಾರಿಗೂ ಬಾಯಿಬಿಡದ ಮಾತನ್ನು ಅವತ್ತು ಎಲ್ಲರೆದುರು ಹೇಳಿದ. "ಇದು ನೋಡ್ಲಾಕಷ್ಟೇ ದೊಡ್ಡದರಿ. ಎಂಜಿನ್ ಸಣ್ಣದದ. ನನ್ನ ನಂಬಿ ಬರಬ್ಯಾಡ್ರಿ."

ಎಲ್ಲರೂ ನಕ್ಕರು. ಎಲ್ಲರಿಗಿಂತ ಜೋರಾಗಿ ಶಿವರಾಜ ನಕ್ಕ. "ಏ, ಮಸ್ಕಿರಿ ಮಾಡ್ತೀರಿ ಸರ. ಇದು ಸಣ್ಣದಂದ್ರ ನಮ್ಮದೇನು ಇಲಿಮರಿ ಏನ್ರಿ?" ಎಂದ. ನಾನೂ ನಕ್ಕೆ.

ಹಿಂದಿನ ಗಾಡಿಯವರು ಹಾರ್ನ್ ಹೊಡೆಯತೊಡಗಿದರು. ನೀರು ಇಳಿಯುತ್ತಿರುವಂತೆಯೂ ಕಂಡಿತು. ಸಾಮ್ಯುವೆಲ್ ಬೈಕ್ ಇಳಿಸಿದ. ನಮ್ಮ ಹಿಂದೆ ಎಲ್ಲರಿಗಿಂತ ಮೊದಲು ಬಂದದ್ದು ಮೊಪೆಡ್.

ಅರ್ಧ ದಾರಿ ಚೆನ್ನಾಗಿಯೇ ಹೋದೆವು. ನಡುವೆ ನೀರಿನಡಿಯಲ್ಲಿ ಸೇತುವೆಯ ಸಿಮೆಂಟು ಕಿತ್ತುಹೋಗಿತ್ತು. ಮುಂದಿನ ಗಾಲಿ ಅದರಲ್ಲಿ ಇಳಿಯಿತು. ಸಾಮ್ಯುವೆಲ್ ಎಕ್ಸಲರೇಟರ್ ಕೊಟ್ಟ. ನಮ್ಮಿಬ್ಬರ ಭಾರ, ಆ ದೊಡ್ಡ ಮೈಯ ಭಾರ, ಎದುರಿಗೆ ನೀರು. ಎಂಜಿನ್ ಒಮ್ಮೆ ಏದುಸಿರು ಬಿಟ್ಟಂತೆ ಮಾಡಿ ನಿಂತುಹೋಯಿತು. ಕಾಲೂರಲು ಹೋದರೆ ಬೆರಳಷ್ಟೇ ನೆಲಕ್ಕೆ. ಬೈಕ್ ವಾಲಿತು. ನಾನು ಧುಮುಕಿ ಅದನ್ನು ಹಿಡಿದೆ.

ನಾವು ನಿಂತೆವು, ಹಾಗಾಗಿ ಹಿಂದಿನ ಮೊಪೆಡ್ಡೂ ನಿಲ್ಲಬೇಕಾಯಿತು. ನಮ್ಮ ಬೈಕ್ ಭಾರಕ್ಕೆ ನಿಂತಲ್ಲೇ ನಿಂತಿತ್ತು. ಮೊಪೆಡ್ಡಿಗೆ ಆ ಭಾರವೆಲ್ಲಿಂದ ಬರಬೇಕು? ನೀರು ಅದನ್ನು ಅಡ್ಡಡ್ಡ ದೂಡಿಕೊಂಡು ಸೇತುವೆಯ ಅಂಚಿಗೆ ಒಯ್ದಿತು. ಮಹಾದೇವಿ ನಮ್ಮ ಕಡೆಗೆ ಬಿದ್ದಳು. ಅವಳ ರಟ್ಟೆ ನನ್ನ ಕೈಗೆ ಸಿಕ್ಕಿತು. ಶಿವರಾಜ ಹ್ಯಾಂಡಲ್ ಹಿಡಿದು ಗಾಡಿಯನ್ನು ಎಳೆಯುತ್ತಿದ್ದ.

"ಗಾಡಿ ಬಿಡ್ರಿ! ಗಾಡಿ ಬಿಡ್ರಿ!" ಎಂದು ಸಾಮ್ಯುವೆಲ್ ಕೂಗಿದ. ತನ್ನ ಬೈಕನ್ನು ಹಾಗೇ ಕೆಡವಿ ಅವನ ಕಡೆಗೆ ಓಡಿದ. ಶಿವರಾಜ ಬಿಡಲಿಲ್ಲ. ಗಾಡಿಯ ಜೊತೆಗೇ ಕೆಳಗೆ ಹೋದ.

ದಂಡೆಯಲ್ಲಿದ್ದವರು ಹಳ್ಳದ ಕೆಳಗಡೆ ಜಾಲಿಗಿಡಗಳ ಬುಡದಲ್ಲಿ ಅವನನ್ನು ಹುಡುಕಿ ಮೇಲೆ ತಂದರು. ನಾನು ಅವನ ಎದೆ ಒತ್ತಿದೆ, ಬಾಯಿಗೆ ಉಸಿರು ಕೊಟ್ಟೆ. ನನಗೆ ಬಂದದ್ದನ್ನೆಲ್ಲ ಮಾಡಿದೆ. ಜೀವ ಹೋಗಿದೆಯೆಂದು ಕೈಗೆ ತಿಳಿದ ಮೇಲೂ ಒತ್ತುತ್ತಲೇ ಇದ್ದೆ, ಏಕೆಂದರೆ ಮಹಾದೇವಿ ನನ್ನ ಮುಖವನ್ನೇ ನೋಡುತ್ತಿದ್ದಳು. ಕೊನೆಗೆ ಪಟಗದ ಮುದುಕರು ನನ್ನ ಹೆಗಲು ಮುಟ್ಟಿ, "ಸಾಕ್ ಬಿಡವ್ವಾ" ಎಂದರು.

ತಿಂಗಳಾದ ಮೇಲೆ ಭಾತಂಬ್ರಾದ ಅವರ ಮನೆಗೆ ಹೋದೆವು. ಸಾಮ್ಯುವೆಲ್ ಬೈಕನ್ನು ಬೀದರದಲ್ಲೇ ಬಿಟ್ಟಿದ್ದ. ಬಸ್ಸಿನಲ್ಲಿ ಹೋಗಿದ್ದೆವು. ಮಹಾದೇವಿ ಕೂಸನ್ನು ತೊಡೆಯ ಮೇಲೆ ಹಾಕಿಕೊಂಡು ಕೂತಿದ್ದಳು. ಸಾಮ್ಯುವೆಲ್ ತಲೆ ಎತ್ತಲಿಲ್ಲ. "ತಂಗಿ, ಎಂಜಿನ್ ಸಣ್ಣದದ ಅಂತ ನಾ ಇನ್ನ ಜೋರಿನಿಂದ ಹೇಳಬೇಕಾಗಿತ್ತು" ಎಂದ.

ಅವಳು ಅಳಲಿಲ್ಲ. "ನೀವು ಹೇಳಿದ್ರಿ ಸರ. ನಾ ಕೇಳೀನಿ. ಇವ್ರು ನಕ್ಕರು" ಎಂದಳು. ಕೂಸಿನ ಮೇಲಿನ ಅರಿವೆ ಸರಿಮಾಡಿ, "ಅದ ಅವರ ಕಡೀ ನಗಿ" ಎಂದಳು. ನಮ್ಮ ಚಹಾ ಹಾಗೇ ಆರಿತು.

ಆಮೇಲೆ ಎಷ್ಟೋ ಜನ ನಮ್ಮನ್ನು ಕೇಳಿದ್ದಾರೆ, ಇಂಥ ಬೈಕ್ ತಗೋಬಹುದೇ ಎಂದು. ಔರಾದಕ್ಕೆ ದಿನಾ ಹೋಗಿಬರಲು ಅದು ಒಳ್ಳೆಯ ಗಾಡಿಯೇ, ಈಗಲೂ ಹಾಗೆಯೇ ಹೇಳುತ್ತೇನೆ. ಅದು ಏನು ಮಾಡಬಲ್ಲದೆಂದು ಓಡಿಸುವವನಿಗೆ ಗೊತ್ತಿರುತ್ತದೆ. ಹಿಂದೆ ಬರುವವರು ನೋಡುವುದು ಮೈಯನ್ನು, ಎಂಜಿನ್ನನ್ನಲ್ಲ. ದೊಡ್ಡ ಎಂಜಿನ್ ಆಗಿದ್ದರೆ ಅವತ್ತು ದಾಟುತ್ತಿತ್ತೋ ಇಲ್ಲವೋ, ದೇವರಿಗೇ ಗೊತ್ತು.

ಸಾಮ್ಯುವೆಲ್ ಈಗಲೂ ಅದನ್ನೇ ಓಡಿಸುತ್ತಾನೆ, ಬೇರೆ ದಾರಿಯಿಲ್ಲ. ಹಳ್ಳದ ದಂಡೆಯಲ್ಲಿ ಜನ ನಿಂತದ್ದು ಕಂಡರೆ ದೂರದಿಂದಲೇ ತಿರುಗಿಸಿಬಿಡುತ್ತಾನೆ. ಪೆಟ್ರೋಲ್ ಬಂಕಿನಲ್ಲಿ ಯಾರಾದರೂ ಬೈಕ್ ನೋಡುತ್ತ ಹತ್ತಿರ ಬಂದರೆ, ಅವರು ಕೇಳುವ ಮೊದಲೇ "ಸಣ್ಣ ಎಂಜಿನ್ ಅದರಿ ಇದು, ನೋಡ್ಲಾಕಷ್ಟೇ ದೊಡ್ಡದು" ಎನ್ನುತ್ತಾನೆ. ಅವರು ಬೈಕನ್ನೊಮ್ಮೆ ನೋಡುತ್ತಾರೆ, ಅವನನ್ನೊಮ್ಮೆ ನೋಡುತ್ತಾರೆ, ಆಮೇಲೆ ನಗುತ್ತಾರೆ. ಶಿವರಾಜನೂ ಹೀಗೆಯೇ ನಕ್ಕಿದ್ದ.