ಒಹಾಯೋ ತಲುಪದ ‘ಬೇಡ’

ನಂಜುಂಡ, ಗಿರಿಜೆಗೆ ತಿಳಿಸೆಂದು ನೀನು ನನಗೆ ಹೇಳಿದ ಮಾತನ್ನು ನಾನು ಕಳಿಸಲೇ ಇಲ್ಲ. ‘ನಾನು ಇನ್ನು ಕಾಯಲ್ಲ’ ಎಂದು ನೀನು ಹೇಳಿದೆ. ‘ಕಾಯುತ್ತಾನೆ’ ಎಂದು ನಾನು ಕಳಿಸಿದೆ. ಆಗ ನೀನು ನನ್ನ ಹೆಗಲ ಮೇಲೆ ಕೈಯಿಟ್ಟುಕೊಂಡು ಪಕ್ಕದಲ್ಲೇ ನಿಂತಿದ್ದೆ. ನಿನಗೆ ಮೋರ್ಸ್ ಸಂಕೇತ ಬರುತ್ತಿರಲಿಲ್ಲ — ನನ್ನ ಧೈರ್ಯವೆಲ್ಲ ಅದೊಂದೇ.

ಇಷ್ಟು ವರ್ಷ ನಿನ್ನ ಮನೆಯಲ್ಲಿ ಉಂಡಿದ್ದೇನೆ, ನಿನ್ನ ಮಕ್ಕಳಿಂದ ಮಾವ ಅನ್ನಿಸಿಕೊಂಡಿದ್ದೇನೆ. ಇದನ್ನು ಹೇಳಲಿಲ್ಲ. ಈಗ ಹೇಳುತ್ತಿದ್ದೇನೆ, ಪೂರ್ತಿ ಹೇಳುತ್ತೇನೆ.

ಅವು ಅರವತ್ತರ ದಶಕದ ಮೊದಲ ವರ್ಷಗಳು. ಜಯನಗರದಲ್ಲಿ ನಮ್ಮ ಮನೆಯ ಆಚೆಗೆ ಕಲ್ಲು ನೆಟ್ಟ ಖಾಲಿ ಸೈಟುಗಳು, ಅವುಗಳ ನಡುವೆ ಇನ್ನೂ ಬಿಟ್ಟುಕೊಡದ ರಾಗಿ ಹೊಲಗಳು. ನಾನು ಕಾಲೇಜಿನಲ್ಲಿ ಭೌತಶಾಸ್ತ್ರದ ಪ್ರಯೋಗಶಾಲೆ ನೋಡಿಕೊಳ್ಳುತ್ತಿದ್ದೆ. ನಿನಗೆ ನಿಮ್ಮಪ್ಪಾಜಿಯ ಬಟ್ಟೆ ಅಂಗಡಿ. ಎರಡನೆಯ ಮಹಾಯುದ್ಧ ಮುಗಿದ ಮೇಲೆ ಸೈನ್ಯದವರು ಹರಾಜು ಹಾಕಿದ ಸಾಮಾನು ಗುಜರಿಯಲ್ಲಿ ಸಿಗುತ್ತಿತ್ತಲ್ಲ, ಅದರಿಂದ ವಾಲ್ವು, ಕಂಡೆನ್ಸರು ಆರಿಸಿ ತಂದು ನಾನು ಸಂದೇಶ ಕಳಿಸುವ ರೇಡಿಯೋ ಯಂತ್ರವೊಂದನ್ನು ಕಟ್ಟಿಕೊಂಡಿದ್ದೆ. ಪರೀಕ್ಷೆ ಬರೆದು ಹವ್ಯಾಸಿ ರೇಡಿಯೋದ ಲೈಸೆನ್ಸನ್ನೂ ಪಡೆದಿದ್ದೆ. ಮನೆಯ ಮೇಲಿಂದ ಹಿತ್ತಲ ಬಿದಿರಿನ ಗಳುವಿನವರೆಗೆ ಏರಿಯಲ್ ತಂತಿ. ನಮ್ಮಮ್ಮ ಅದರ ಮೇಲೆ ಸೀರೆ ಒಣಹಾಕಿದ ದಿನ ನನಗೆ ಅಮೆರಿಕವೇ ಕೇಳಿಸಲಿಲ್ಲ. ನೀನು ಬಂದು ನಕ್ಕು ನಕ್ಕು ಜಗಲಿಯ ಮೇಲೆ ಕೂತುಬಿಟ್ಟಿದ್ದೆ.

ಎಂಥ ಸಂತೋಷದ ಬೆಳಗುಗಳು ಅವು. ಭಾನುವಾರ ಬೆಳಕು ಹರಿಯುವ ಹೊತ್ತಿಗೆ ಹೆಡ್‌ಫೋನ್ ಹಾಕಿಕೊಂಡು ಕೂತರೆ, ಕರಕರ ಗದ್ದಲದ ಒಳಗಿಂದ ಸಣ್ಣಗೆ, ಹಕ್ಕಿಮರಿ ಕೂಗಿದ ಹಾಗೆ, ಒಬ್ಬ ಮನುಷ್ಯ. ಅವನ ಹೆಸರು ವಾಲ್ಟರ್. ಒಹಾಯೋ ರಾಜ್ಯದ ಒಂದು ಊರಿನಲ್ಲಿ ವಕೀಲ. ನಮ್ಮ ಭಾನುವಾರದ ಬೆಳಗ್ಗೆ ಅವನಿಗೆ ಶನಿವಾರದ ಸಂಜೆ. ನಾವಿಬ್ಬರೂ ಒಬ್ಬರ ಮುಖ ಒಬ್ಬರು ಕಂಡವರಲ್ಲ, ದನಿಯನ್ನೂ ಕೇಳಿದವರಲ್ಲ. ಆದರೂ ಅವನು ಮೋರ್ಸ್ ಕೀ ಒತ್ತುವ ರೀತಿಯಿಂದಲೇ ಇವತ್ತು ಅವನಿಗೆ ನೆಗಡಿಯೋ ಖುಷಿಯೋ ಎಂದು ನನಗೆ ಗೊತ್ತಾಗುತ್ತಿತ್ತು.

ಗಿರಿಜೆ ಡಾಕ್ಟರಾಗಿ, ಹೆಚ್ಚಿನ ತರಬೇತಿಗೆ ಅಮೆರಿಕಕ್ಕೆ ಹೋಗುವುದು ಎಂದಾದಾಗ ನಿಮ್ಮಿಬ್ಬರ ಮದುವೆಯ ಮಾತು ಮುಗಿದಿತ್ತು. ಬನಶಂಕರಿಯ ಅವರ ಮನೆಯಲ್ಲಿ ತಾಂಬೂಲವೂ ಆಗಿತ್ತು. ಅವಳಿಗೆ ಸಿಕ್ಕಿದ ಆಸ್ಪತ್ರೆ ವಾಲ್ಟರನ ಊರಿನದೇ ಎಂದು ತಿಳಿದಾಗ ನಾವು ಮೂವರೂ ಹುಡುಗರ ಹಾಗೆ ಕುಣಿದೆವು. ‘ನಮ್ಮ ಕಡೆಯ ಹುಡುಗಿ ಬರುತ್ತಿದ್ದಾಳೆ’ ಎಂದು ನಾನೇ ವಾಲ್ಟರನಿಗೆ ಹೇಳಿದೆ. ಅವನ ಹೆಂಡತಿ ಅವಳನ್ನು ಶನಿವಾರದ ಊಟಕ್ಕೆ ಕರೆಯುವುದು ವಾಡಿಕೆಯಾಯಿತು. ಅವಳು ಆ ಮನೆಯಲ್ಲಿ ಊಟಕ್ಕೆ ಕೂತಿರುವಾಗ ನೀನು ಇಲ್ಲಿ ನನ್ನ ಕುರ್ಚಿಯ ಹಿಂದೆ ನಿಂತಿರುತ್ತಿದ್ದೆ. ಆದರೆ ಒಂದು ಮಾತು ಆಚೆಗೆ ಹೋಗುವಂತಿರಲಿಲ್ಲ, ಒಂದು ಮಾತು ಈಚೆಗೆ ಬರುವಂತಿರಲಿಲ್ಲ.

ಯಾಕೆಂದರೆ ಕಾನೂನು. ನಿನಗೆ ಆಗ ಎಷ್ಟು ಸಲ ವಿವರಿಸಿದರೂ ಅದು ತಲೆಗೆ ಹತ್ತಲಿಲ್ಲ. ಅವರ ದೇಶದಲ್ಲಿ ಗಾಳಿಯಲ್ಲಿ ಹೋಗುವ ಮಾತಿಗೂ ಒಂದು ಕಾಯ್ದೆಯಿದೆ, ಅದನ್ನು ಕಾಯಲು ಒಂದು ಆಯೋಗವಿದೆ. ಹವ್ಯಾಸಿಗಳಿಬ್ಬರು ದೇಶದಿಂದ ದೇಶಕ್ಕೆ ಮಾತಾಡಬಹುದು — ತಮ್ಮ ಯಂತ್ರದ ವಿಷಯ, ತಮ್ಮ ಸ್ವಂತ ವಿಷಯ; ಅದೂ ದುಡ್ಡು ಕೊಟ್ಟು ತಂತಿ ಕಳಿಸುವಷ್ಟು ಮುಖ್ಯವಲ್ಲದ ವಿಷಯ. ಮೂರನೆಯವರ ಸಂದೇಶವನ್ನು ಹೊತ್ತು ಗಡಿ ದಾಟಿಸುವಂತಿಲ್ಲ. ಎರಡು ಸರಕಾರಗಳು ಒಪ್ಪಂದ ಮಾಡಿಕೊಂಡಿದ್ದರೆ ಆಗಬಹುದು. ಅಮೆರಿಕಕ್ಕೆ ತನ್ನ ದಕ್ಷಿಣದ ಕೆಲವು ದೇಶಗಳೊಡನೆ ಅಂಥ ಒಪ್ಪಂದವಿತ್ತು, ನಮ್ಮೊಡನೆ ಇರಲಿಲ್ಲ. ನನ್ನ ಲೈಸೆನ್ಸಿನಲ್ಲೂ ಇದೇ ಷರತ್ತು. ಮೀರಿದರೆ ಲೈಸೆನ್ಸು ರದ್ದು. ವಾಲ್ಟರ್ ಅಂತೂ ಇಂಥ ಕಾಯ್ದೆಗಳ ಮೇಲೆಯೇ ವಕೀಲಿಕೆ ಮಾಡುತ್ತಿದ್ದವನು. ಒಮ್ಮೆ ನಾನು ಸುಮ್ಮನೆ, ‘ಗಿರಿಜೆಗೆ ನಂಜುಂಡನ ನೆನಪು ತಿಳಿಸು’ ಎಂದದ್ದಕ್ಕೆ ಅವನು ಆ ಮಾತು ಕೇಳಿಸಲಿಲ್ಲವೆಂಬಂತೆ ಒಹಾಯೋದ ಸೇಬಿನ ಬೆಳೆಯ ವಿಷಯ ತೆಗೆದ.

ಹೀಗಿರುವಾಗ ಅವಳ ಕಾಗದ ಬಂತು. ಕಷ್ಟದ ಹೆರಿಗೆಗಳ ಬಗ್ಗೆ ಇನ್ನೂ ಎರಡು ವರ್ಷ ಕಲಿಸುತ್ತೇವೆ, ಇರುತ್ತೀಯಾ ಎಂದು ಆಸ್ಪತ್ರೆಯವರು ಕೇಳಿದ್ದರು. ನೀವು ಕಾಯುತ್ತೀರಾ ಎಂದು ಅವಳು ನಿನ್ನನ್ನು ಕೇಳಿದ್ದಳು. ಕಾಗದ ದಾರಿಯಲ್ಲೇ ತಡವಾಗಿ, ಅವಳು ಅಲ್ಲಿ ಉತ್ತರ ಕೊಡಬೇಕಾದ ದಿನ ಬಂದೇಬಿಟ್ಟಿತ್ತು.

ನೀನು ಶನಿವಾರ ಸಂಜೆ ಅಂಗಡಿಯಿಂದ ನೇರ ನಮ್ಮ ಮನೆಗೆ ಬಂದೆ. ಮುಖ ಕೆಂಪಗಿತ್ತು.

“ಲೋ ಸೀನ, ಅವಳಿಗೆ ಹೇಳಿಬಿಡು. ಬೇಡ ಅಂತ. ನಾನು ಇನ್ನು ಕಾಯಲ್ಲ.”

“ತಂತಿ ಕೊಡೋ ಮಾರಾಯ, ನನ್ನನ್ಯಾಕೆ ಎಳೀತೀಯ.”

“ತಂತಿ ಕೊಟ್ರೆ ಪೋಸ್ಟಾಫೀಸಲ್ಲಿ ಓದ್ತಾರೆ. ರಾತ್ರಿಯೊಳಗೆ ಅಪ್ಪಾಜಿ ಕಿವಿಗೆ ಬೀಳುತ್ತೆ. ನೀನೇ ಕಳಿಸು. ನಂಗೋಸ್ಕರ ಇದೊಂದು ಮಾಡು.”

ನಿನ್ನ ಕೋಪ ಎರಡು ವರ್ಷದ ಮೇಲಲ್ಲ ಎಂದು ನನಗೆ ಗೊತ್ತಿತ್ತು. ಅವಳು ಓದಿ ಓದಿ ಎತ್ತರಕ್ಕೆ ಹೋಗುತ್ತಿದ್ದಾಳೆ, ತಾನು ಬಟ್ಟೆ ಅಳೆಯುವ ಗಜಕಡ್ಡಿ ಹಿಡಿದು ನಿಂತಲ್ಲೇ ನಿಂತಿದ್ದೇನೆ — ಅದು ನಿನ್ನನ್ನು ಒಳಗೇ ಕೊರೆಯುತ್ತಿತ್ತು. ನಾನದನ್ನು ಹೇಳಲಿಲ್ಲ. ಆಯ್ತು ಅಂದೆ.

ಮರುದಿನ ಬೆಳಗ್ಗೆ ನಾನು ಯಂತ್ರದ ಮುಂದೆ ಕೂತೆ, ನೀನು ಹಿಂದೆ ನಿಂತೆ. ವಾಲ್ಟರ್ ಚೆನ್ನಾಗಿ ಕೇಳಿಸುತ್ತಿದ್ದ. ಗಿರಿಜೆಗೆ ನನ್ನ ಸ್ನೇಹಿತನ ಒಂದು ಮಾತು ತಲುಪಿಸಬೇಕು ಎಂದು ನಾನು ನೇರವಾಗಿ ಕೇಳಿದೆ. ಅವನು ಹೇಳಿದ: ಆಗುವುದಿಲ್ಲ, ನನ್ನ ದೇಶದ ಕಾನೂನು ಒಪ್ಪುವುದಿಲ್ಲ, ನಿನ್ನದೂ ಒಪ್ಪುವುದಿಲ್ಲ. ನಾನು ಕೀಯಿಂದ ಕೈ ತೆಗೆಯುವಷ್ಟರಲ್ಲಿ ಅವನೇ ಮತ್ತೆ ಶುರುಮಾಡಿದ, ನಿಧಾನವಾಗಿ, ಒಂದೊಂದೇ ಅಕ್ಷರ. ಹುಡುಗಿ ಇಲ್ಲೇ ಪಕ್ಕದ ಕೋಣೆಯಲ್ಲಿ ಊಟ ಮುಟ್ಟದೆ ಕೂತಿದ್ದಾಳೆ, ಅದು ನನ್ನ ಮನೆಯ ವಿಷಯ, ಹೇಳಬಹುದು. ನಿನ್ನ ಸ್ನೇಹಿತನ ಸಂದೇಶ ನನಗೆ ಬೇಡ. ಆದರೆ ನಿನ್ನ ಸ್ವಂತ ಅಭಿಪ್ರಾಯ ಹೇಳುವುದಕ್ಕೆ ಯಾವ ಅಡ್ಡಿಯೂ ಇಲ್ಲ. ನಿನ್ನ ಅಭಿಪ್ರಾಯದಲ್ಲಿ ಆ ಹುಡುಗ ಕಾಯುತ್ತಾನೋ?

ನೋಡು ನಂಜುಂಡ, ನನ್ನೊಬ್ಬನ ಅಭಿಪ್ರಾಯ. ಅದೇ ಕಾನೂನು ನನಗೆ ತೆರೆದಿಟ್ಟ ಬಾಗಿಲು. ನೀನು ಹಿಂದಿನಿಂದ ಬಗ್ಗಿ, “ಏನಂತೆ? ಏನಂತೆ?” ಎನ್ನುತ್ತಿದ್ದೆ. “ಇರು, ಕಳಿಸ್ತಿದೀನಿ” ಎಂದು ನಾನು ಕೀ ಒತ್ತಿದೆ: ‘ಕಾಯುತ್ತಾನೆ.’

“ಹೋಯ್ತಾ?” ಅಂದೆ ನೀನು.

“ಹೋಯ್ತು.”

ನಿನ್ನ ಕೈ ನನ್ನ ಹೆಗಲಿನಿಂದ ಜಾರಿತು. ಹೊರಟುಹೋದೆ. ಆಚೆಯಿಂದ ವಾಲ್ಟರ್ ಕಳಿಸಿದ — ಹುಡುಗಿ ಈಗ ಊಟ ಮಾಡುತ್ತಿದ್ದಾಳೆ, ಎರಡನೆಯ ಸಲ ಬಡಿಸಿಕೊಂಡಳು ಎಂದು ನನ್ನ ಹೆಂಡತಿ ಹೇಳುತ್ತಿದ್ದಾಳೆ, ಇದೂ ನನ್ನ ಮನೆಯ ವಿಷಯವೇ. ನಾನು ಒಬ್ಬನೇ ಕೂತು ನಕ್ಕೆ. ನನ್ನ ಜೀವನದಲ್ಲಿ ಅಷ್ಟು ಹಗುರಾದ ಬೆಳಗು ಇನ್ನೊಂದಿಲ್ಲ. ಅದನ್ನೂ ಮುಚ್ಚಿಡಲಾರೆ.

ಯಾಕೆ ಹಾಗೆ ಮಾಡಿದೆ? ನಿಮ್ಮಿಬ್ಬರ ಒಳ್ಳೆಯದಕ್ಕೆ ಎಂದು ನನಗೆ ನಾನೇ ಬಹಳ ಸಲ ಹೇಳಿಕೊಂಡಿದ್ದೇನೆ. ಸ್ವಲ್ಪ ನಿಜ. ಆದರೆ ಕೆಟ್ಟ ಸುದ್ದಿ ಕೊಟ್ಟವನಾಗಲು ನನಗೆ ಇಷ್ಟವಿರಲಿಲ್ಲ, ಅಷ್ಟೇ. ಅಷ್ಟು ದೂರಕ್ಕೆ, ಅಷ್ಟು ಕಷ್ಟಪಟ್ಟು ಕಟ್ಟಿದ ಯಂತ್ರದಿಂದ, ಒಂದು ‘ಬೇಡ’ವನ್ನು ಕಳಿಸುವುದು... ನನಗೆ ಒಳ್ಳೆಯ ಸುದ್ದಿ ತಂದವನ ಪಟ್ಟ ಬೇಕಿತ್ತು.

ಇಲ್ಲಿಗೇ ಮುಗಿದಿದ್ದರೆ ಒಂದು ತಪ್ಪು. ನಾನು ಇನ್ನೊಂದು ಮಾಡಿದೆ.

ಆ ವಾರದ ನಡುವೆ, ಮಧ್ಯಾಹ್ನ, ನೀನು ಅಂಗಡಿ ಬಿಟ್ಟು ಕಾಲೇಜಿನ ಪ್ರಯೋಗಶಾಲೆಯ ಬಾಗಿಲಿಗೆ ಬಂದು ನಿಂತೆ. ಗಡ್ಡ ಬೋಳಿಸಿರಲಿಲ್ಲ.

“ಸೀನ, ಅದನ್ನ ವಾಪಸ್ ತಗೊಳಕ್ಕಾಗತ್ತಾ?”

ಆಗಲೇ ನಗುತ್ತಾ ಹೇಳಬಹುದಿತ್ತು. ನೀನು ನನಗೆ ಎರಡು ಬಿಗಿದು ಆಮೇಲೆ ತಬ್ಬಿಕೊಳ್ಳುತ್ತಿದ್ದೆ. ಆದರೆ ನೀನು ಅಷ್ಟು ದೀನನಾಗಿ ನಿಂತಿದ್ದೆ, ನಾನು ಅಷ್ಟು ದೊಡ್ಡವನಾಗಿ ಕಂಡೆ — ನನ್ನ ಕಣ್ಣಿಗೆ ನಾನೇ. “ಕಷ್ಟ ಕಣೋ. ನೋಡೋಣ, ಪ್ರಯತ್ನ ಮಾಡ್ತೀನಿ” ಅಂದೆ. ಕಷ್ಟ ಅಂದೆ, ನಂಜುಂಡ. ಆ ಪದ ಈಗಲೂ ನನ್ನನ್ನು ಚುಚ್ಚುತ್ತದೆ.

ಮುಂದಿನ ಭಾನುವಾರ ನಿನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡು ನಾನು ವಾಲ್ಟರನಿಗೆ ಏನು ಕಳಿಸಿದೆ ಗೊತ್ತೇ? ಬೆಂಗಳೂರಿನ ಹವೆ. ನನ್ನ ಒಂದು ವಾಲ್ವು ಕೈಕೊಡುತ್ತಿದೆ ಎಂಬ ಸಮಾಚಾರ. ಅವನು ಹಿಮ ಬೀಳುತ್ತಿದೆ, ಕಾರು ಹೊರಡುತ್ತಿಲ್ಲ ಎಂದ. ನೀನು ಕೈ ಮುಗಿದುಕೊಂಡು ಕೂತಿದ್ದೆ. ನಾನು ಹೆಡ್‌ಫೋನ್ ತೆಗೆದು ಹೇಳಿದೆ:

“ಕ್ಷಮಿಸಿದಾಳಂತೆ. ಕಾಯಿರಿ ಅಂದ್ಲಂತೆ. ಆದ್ರೆ ಇನ್ಮೇಲೆ ಆ ವಿಷಯ ಯಾವತ್ತೂ ಎತ್ತಬೇಡಿ ಅಂದ್ಲಂತೆ.”

ನನ್ನ ಸುಳ್ಳು ಹೊರಬೀಳದಿರಲಿ ಎಂದೇ ಆ ಕೊನೆಯ ಮಾತು ಸೇರಿಸಿದೆ. ನೀನು ಅದನ್ನು ಆಣೆಯಂತೆ ಪಾಲಿಸಿದೆ. ಅಮ್ಮ ಮಾಡಿದ ಉಪ್ಪಿಟ್ಟನ್ನು ಹಾಕಿಸಿಕೊಂಡು ಹಾಕಿಸಿಕೊಂಡು ತಿಂದೆ. “ನಿಮ್ಮ ಸೀನ ದೇವರು ಕಣಮ್ಮ” ಅಂದೆ. ಅಮ್ಮ, “ಹಂಗಿದ್ರೆ ಹಿತ್ತಲಲ್ಲಿ ಆ ತಂತಿ ಬಿಚ್ಚಕ್ಕೆ ಹೇಳಪ್ಪ ನಿನ್ನ ದೇವರಿಗೆ, ಬಟ್ಟೆ ಹಾಕಕ್ಕೆ ಜಾಗ ಇಲ್ಲ” ಅಂದರು.

ಆಮೇಲಿನದೆಲ್ಲ ಹಬ್ಬ. ಅವಳು ಕಲಿತು ಬಂದಳು. ದಂಡು ಪ್ರದೇಶದ ರೈಲು ನಿಲ್ದಾಣದಲ್ಲಿ ನೀನು ಮಲ್ಲಿಗೆ ಹಿಡಿದು ನಿಂತಿದ್ದವನು, ಅವಳನ್ನು ನೋಡಿದ್ದೇ ಅದನ್ನು ನನ್ನ ಕೈಗೆ ತುರುಕಿ ಕಂಬದ ಹಿಂದೆ ಅಡಗಿದೆ. ನಾಚಿಕೆ ಎಂದು ನಾನೂ ಅವಳೂ ತಿಳಿದೆವು. ಮದುವೆಗೆ ವಾಲ್ಟರನ ಹೆಂಡತಿ ತಾನೇ ಹೊಲಿದ ಕೌದಿಯೊಂದನ್ನು ಹಡಗಿನಲ್ಲಿ ಕಳಿಸಿದ್ದಳು. “ಅಮೆರಿಕದೋರೂ ಹಳೆ ಬಟ್ಟೆ ಕೂಡಿಸಿ ಕೌದಿ ಹೊಲೀತಾರಾ?” ಎಂದು ನಿನ್ನ ತಾಯಿ ಅದನ್ನು ಬಂದವರಿಗೆಲ್ಲ ತೋರಿಸಿದರು. ಗಿರಿಜೆ ಬನಶಂಕರಿಯಲ್ಲಿ ಆಸ್ಪತ್ರೆ ತೆರೆದಳು. ಇಟ್ಟಮಡುವಿನಿಂದ, ವಸಂತಪುರದಿಂದ, ತಲಘಟ್ಟಪುರದಿಂದ ಗಾಡಿ ಕಟ್ಟಿಕೊಂಡು ಬಸುರಿಯರು ಬಂದರು. ಬೇರೆಯವರು ಕೈಬಿಟ್ಟ ಹೆರಿಗೆಗಳೂ ಅವಳ ಕೈಯಲ್ಲಿ ಸುಸೂತ್ರವಾದವು. ನನ್ನ ಮಗಳೂ ಅಲ್ಲೇ ಹುಟ್ಟಿದಳು.

ಮತ್ತು ನೀನು — ಎಷ್ಟು ಸಲ, ಜಗಲಿಯಲ್ಲಿ ನಾವಿಬ್ಬರೇ ಇರುವಾಗ, ದನಿ ತಗ್ಗಿಸಿ ಹೇಳಿದ್ದೀಯ: “ಅಂಥ ಮಾತು ಕೇಳಿದ ಮೇಲೂ ಅವಳು ಒಂದು ದಿನ ಅದನ್ನ ಎತ್ತಿ ಆಡಲಿಲ್ಲ ಸೀನ. ನಾನು ಅವಳ ಕಾಲಿನ ಧೂಳಿಗೆ ಸಮ ಅಲ್ಲ.” ಜಗಳವಾದಾಗ ಮೊದಲು ನೀನೇ ಸೋಲುತ್ತಿದ್ದೆ. ಅವಳು ಬೇಡವೆಂದರೂ ಅವಳ ಆಸ್ಪತ್ರೆಯ ಬಾಗಿಲಲ್ಲಿ ಕಾದು ಕೂತು ಮನೆಗೆ ಕರೆತರುತ್ತಿದ್ದೆ. ಊರೆಲ್ಲ ನಿನ್ನನ್ನು ಹೆಂಡತಿಯ ಭಕ್ತ ಎಂದು ನಗುವಾಗ ನಾನೂ ನಕ್ಕೆ. ನೀನು ತೀರಿಸುತ್ತಿದ್ದದ್ದು ಇಲ್ಲದ ಋಣವನ್ನು ಎಂದು ಬಲ್ಲವನು ನಾನೊಬ್ಬನೇ.

ಹೋದ ತಿಂಗಳು, ನಿನಗೆ ಅರವತ್ತು ತುಂಬಿದ ದಿನ, ಊಟದ ಕೊನೆಗೆ ಗಿರಿಜೆ ನನ್ನ ಹತ್ತಿರ ಬಂದು ಕೂತಳು.

“ಸೀನಣ್ಣ, ಇವರು ಬೆಳಗ್ಗೆ ದೇವರ ಮುಂದೆ ನನ್ನ ಹತ್ರ ಕ್ಷಮೆ ಕೇಳಿದ್ರು. ಯಾತಕ್ಕೆ ಅಂದ್ರೆ, ‘ನಿಂಗೆ ಗೊತ್ತು, ಹೇಳಿಸಬೇಡ’ ಅಂತಾರೆ. ನಂಗೇನೂ ಗೊತ್ತಿಲ್ಲ. ನಿಮಗೇನಾದ್ರೂ ಗೊತ್ತಾ?”

“ಇಲ್ಲಮ್ಮ” ಅಂದೆ. ಅವಳು ನನ್ನ ಮುಖವನ್ನೇ ನೋಡಿದಳು. ರೋಗಿ ಎಲ್ಲಿ ನೋವು ಎಂದು ಸರಿಯಾಗಿ ಹೇಳುತ್ತಿಲ್ಲ ಅನ್ನಿಸಿದಾಗ ಡಾಕ್ಟರು ನೋಡುವ ನೋಟ. ಆಮೇಲೆ ಇನ್ನೊಂದು ಹೋಳಿಗೆ ಹಾಕಿಸಿ ಎದ್ದುಹೋದಳು.

ನಾನು ಕಳಿಸಿದ್ದು ನನ್ನ ಅಭಿಪ್ರಾಯ, ನಿನ್ನ ಸಂದೇಶವಲ್ಲ, ಆದ್ದರಿಂದ ಯಾವ ನಿಯಮವನ್ನೂ ಮುರಿಯಲಿಲ್ಲ — ಈ ವಾದವನ್ನು ಬಹುಕಾಲ ಇಟ್ಟುಕೊಂಡಿದ್ದೆ. ಆದರೆ ವಾಲ್ಟರ್ ನನ್ನ ಅಭಿಪ್ರಾಯವನ್ನು ನಂಬಿ ಕೇಳಿದ, ನಾನು ಅದನ್ನು ನಿನ್ನ ಮಾತಾಗಿ ಹೋಗಲು ಬಿಟ್ಟೆ. ಗಿರಿಜೆ ತನ್ನ ಎರಡು ವರ್ಷಗಳನ್ನು ನಿಶ್ಚಯಿಸಿದ್ದು ನಿನ್ನ ಒಪ್ಪಿಗೆಯ ಮೇಲಲ್ಲ, ನನ್ನ ಆಸೆಯ ಮೇಲೆ. ಎಲ್ಲ ಚೆನ್ನಾಗಿ ಆಯಿತು, ನಿಜ. ಆಗದಿದ್ದರೆ? ಆಗಲೂ ನಾನು ಇಷ್ಟೇ ಸುಮ್ಮನಿರುತ್ತಿದ್ದೆ. ನಿನ್ನ ಕೋಪ ನಿನ್ನದಾಗಿತ್ತು, ಅದನ್ನು ನುಂಗಿ ತಿದ್ದಿಕೊಂಡದ್ದೂ ನೀನೇ. ಅವಳೊಡನೆ ಅದನ್ನು ಹೇಳಿ ಹಗುರಾಗುವುದಷ್ಟೇ ಉಳಿದಿತ್ತು — ಅದಕ್ಕೆ ನಾನು ಅಡ್ಡ ನಿಂತೆ.

ಈ ಭಾನುವಾರ ಬೆಳಗ್ಗೆ ಬರುತ್ತೇನೆ. ಗಿರಿಜೆಗೆ ಆಸ್ಪತ್ರೆಗೆ ಹೊರಡುವುದು ತಡವಾಗಲಿ ಎಂದು ಹೇಳಿಡು. ಇಬ್ಬರೂ ಎದುರಿಗೆ ಕೂತಿರಿ. ಅವಳು ಕೇಳಿದ ಪ್ರಶ್ನೆಗೆ ನಾನೇ ಬಾಯಿಬಿಟ್ಟು ಉತ್ತರ ಹೇಳುತ್ತೇನೆ. ಆಮೇಲೆ ನೀವು ಬೈಯುವುದೋ, ನಗುವುದೋ, ಎದ್ದು ಒಳಗೆ ಹೋಗುವುದೋ — ಅದು ನಿಮ್ಮದು. ಈ ಸಲ ನಾನು ನಿಮ್ಮ ಪರವಾಗಿ ಏನೂ ಹೇಳುವುದಿಲ್ಲ.