ಅಕ್ಕನ ಹಿತ್ತಲಿಗೆ ಒಗ್ಗದ ಉಡುಗೊರೆ

ಗಿಡಗಳ ಹುಚ್ಚಿರುವವರಿಗೆ ಹಬ್ಬದ ಉಡುಗೊರೆ ಆರಿಸುವುದರಷ್ಟು ತಲೆನೋವು ಇನ್ನೊಂದಿಲ್ಲ. ಸೀರೆಯ ಹುಚ್ಚಿನವರಿಗೆ ಸೀರೆ ಕೊಟ್ಟರೆ ಮುಗಿಯಿತು. ಗಿಡದ ಹುಚ್ಚಿನವರಿಗೆ ಗಿಡ ಕೊಟ್ಟರೆ ಮುಖ ಊದಿಸುತ್ತಾರೆ. ಎಲ್ಲರ ವಿಷಯ ನನಗೆ ಗೊತ್ತಿಲ್ಲ, ನನ್ನ ಅಕ್ಕನ ವಿಷಯ ಹೇಳುತ್ತಿದ್ದೇನೆ.

ಅಕ್ಕನನ್ನು ಕೊಟ್ಟದ್ದು ಕಮಲಾಪುರಕ್ಕೆ. ಭಾವ ಅಲ್ಲಿ ಕೆಂಪು ಬಾಳೆ ಬೆಳೆಯುತ್ತಾರೆ. ಮನೆಯ ಹಿತ್ತಲು ಮಾತ್ರ ಪೂರ್ತಿ ಅಕ್ಕನದು. ಅಲ್ಲಿರುವ ಗಿಡಗಳೆಲ್ಲ ಕದ್ದವು. ಕೈಯಾರೆ ಕೊಟ್ಟ ಗಿಡ ಬೇರು ಹಿಡಿದು ಹತ್ತುವುದಿಲ್ಲ, ಯಜಮಾನರ ಕಣ್ಣು ತಪ್ಪಿಸಿ ಚಿವುಟಿ ತಂದದ್ದೇ ಹತ್ತುತ್ತದೆ ಎಂಬುದು ಅವಳ ಗಟ್ಟಿ ನಂಬಿಕೆ. ಯಾರದೋ ಮದುವೆಗೆ ಹೋದರೂ ಒದ್ದೆ ಕರವಸ್ತ್ರದಲ್ಲಿ ಮೂರು ಟೊಂಗೆ ಸುತ್ತಿಕೊಂಡು ಬರುತ್ತಾಳೆ. ನಾಗರ ಪಂಚಮಿಗೆ ತವರಿಗೆ ಬಂದಾಗ ಅವಳು ಅಂಗಳದಲ್ಲಿ ಸುಳಿದಾಡತೊಡಗಿದರೆ ಸಾಕು, ಅವ್ವ ಚಹಾ ಇಡುವ ನೆವ ಮಾಡಿ ಒಳಗೆ ಹೋಗುತ್ತಿದ್ದಳು.

ಅವ್ವ ಈಗಿಲ್ಲ. ಮೂರು ವರ್ಷಗಳ ಹಿಂದೆ ಕಾರು ನಿಲ್ಲಿಸಲೆಂದು ಜೇವರ್ಗಿ ಕಾಲೋನಿಯ ನಮ್ಮ ಮನೆಯಂಗಳಕ್ಕೆ ನಾನು ಕಾಂಕ್ರೀಟ್ ಹಾಕಿಸಿದೆ. ಗೇಟಿನ ಪಕ್ಕ ಅವ್ವ ಹಚ್ಚಿದ್ದ ದುಂಡು ಮಲ್ಲಿಗೆ ಅದರಲ್ಲಿ ಹೋಯಿತು. ಅಕ್ಕ ಬೈಯಲಿಲ್ಲ, ಅಳಲಿಲ್ಲ. ಪಂಚಮಿಗೆ ಬರುವುದನ್ನು ನಿಲ್ಲಿಸಿದಳು, ಅಷ್ಟೇ. ಬೈದಿದ್ದರೆ ಎಷ್ಟೋ ವಾಸಿಯಿತ್ತು. ಅವಳು ಮತ್ತೆ ಬರಲಿ ಎಂದೇ ನಾನು ಈ ತೋಟದ ಉಡುಗೊರೆಗಳ ಹಿಂದೆ ಬಿದ್ದದ್ದು.

ದೀಪಾವಳಿಗೆ ನಾನೇ ಅವಳ ಮನೆಗೆ ಹೋಗುತ್ತೇನೆ. ಅವಳು ಆರತಿ ಬೆಳಗಿದಾಗ ತಾಟಿನಲ್ಲಿ ಏನಾದರೂ ಇಡಬೇಕಲ್ಲ. ಮೊದಲ ವರ್ಷ ಪಿಂಗಾಣಿ ಕುಂಡಗಳನ್ನು ಒಯ್ದೆ. ಅವು ಷೋಕೇಸ್ ಸೇರಿದವು, ಗಿಡಗಳು ಎಣ್ಣೆ ಡಬ್ಬಿಗಳಲ್ಲೇ ಉಳಿದವು. ಮರುವರ್ಷ ಕೈಗವಸು ಮತ್ತು ಗಿಡ ಕತ್ತರಿಸುವ ಒಳ್ಳೆಯ ಕತ್ತರಿ. ಕೈಗವಸು ಹಾಕಿಕೊಂಡರೆ ಮಣ್ಣು ಹಸಿಯೋ ಒಣವೋ ಹೇಗೆ ತಿಳಿಯಬೇಕು ಎಂದು ಕೇಳಿದಳು. ಕತ್ತರಿಯನ್ನು ಪ್ಲಾಸ್ಟಿಕ್ ಹೊದಿಕೆಯ ಸಮೇತ ಹಿತ್ತಲ ಕಿಟಕಿಯಲ್ಲಿಟ್ಟಳು. ಉಗುರಿರುವಾಗ ಕತ್ತರಿ ಯಾಕಂತೆ.

ಈ ಸಲ ಹಟ ಹಿಡಿದೆ. ಶರಣಸಿರಸಗಿಯ ಕಡೆ ಒಂದು ನರ್ಸರಿಯಲ್ಲಿ ಅರ್ಧ ದಿನ ಕಳೆದು ಮೊಗ್ಗು ತುಂಬಿದ ಮಲ್ಲಿಗೆ ಗಿಡ ಆರಿಸಿದೆ. ಬಿಸಿಲು ತಾಗೀತೆಂದು ಕಾರಿನಲ್ಲಿ ಅದಕ್ಕೆ ಟವೆಲ್ ಹೊದಿಸಿದೆ. ನನ್ನನ್ನು ಒಮ್ಮೆಯಾದರೂ ಇಷ್ಟು ಜೋಪಾನವಾಗಿ ಕರೆದೊಯ್ದದ್ದಿದೆಯೇ ಎಂದು ಹೆಂಡತಿ ದಾರಿಯುದ್ದಕ್ಕೂ ಚುಚ್ಚಿದಳು. ಆರತಿ ಮುಗಿದ ಮೇಲೆ ಅಕ್ಕ ಗಿಡವನ್ನು ಒಮ್ಮೆ ನೋಡಿದಳು.

"ಕೊಟ್ಟ ಗಿಡ ಹತ್ತಂಗಿಲ್ಲ, ತಮ್ಮಾ."

ನನ್ನ ತಾಳ್ಮೆ ಕೆಟ್ಟಿತು. ಹಣೆಯ ಕುಂಕುಮ ಇನ್ನೂ ಆರಿರಲಿಲ್ಲ, ಅಂಥ ಹೊತ್ತಿನಲ್ಲಿ ಬಾಯಿಗೆ ಬಂದದ್ದೆಲ್ಲ ಅಂದೆ. ನಿನ್ನನ್ನು ಮೆಚ್ಚಿಸುವುದು ನನ್ನ ಕೈಲಾಗದು, ಇನ್ನು ಮೇಲೆ ನೋಟು ಹಾಕಿ ಕೈ ತೊಳೆದುಕೊಳ್ಳುತ್ತೇನೆ ಎಂದು ಕೂಗಾಡಿ, ಗಿಡವನ್ನು ಹಿತ್ತಲಲ್ಲಿ ಒಗೆದು ಬರಲು ಹೊರಟೆ. ಅಲ್ಲಿ ನೀರಿನ ತೊಟ್ಟಿಯ ಹಿಂದೆ, ಒಡೆದ ಬಕೆಟ್ಟಿನಲ್ಲಿ, ಎದೆಯೆತ್ತರದ ದುಂಡು ಮಲ್ಲಿಗೆಯಿತ್ತು. ಇದೆಲ್ಲಿಯದು ಎಂದು ಕೇಳಿದೆ. ಹಿಂದೆಯೇ ಬಂದಿದ್ದ ಅಕ್ಕ, ಅವ್ವನ ಕೊನೆಯ ಪಂಚಮಿಗೆ ಚಿವುಟಿ ತಂದದ್ದು ಎಂದಳು.

ನನಗೆ ನಾಚಿಕೆಯಾಯಿತು. ಕೈಯಲ್ಲಿದ್ದ ಗಿಡವನ್ನು ಕೆಳಗಿಟ್ಟೆ.

"ಅಕ್ಕಾ, ನನಗೊಂದು ಟೊಂಗಿ ಕೊಡು. ಗೇಟಿನ ಬಾಜು ಕಾಂಕ್ರೀಟ್ ಒಡಸ್ತೀನಿ."

"ಕೇಳಿದ್ರ ಕೊಡಂಗಿಲ್ಲ," ಎಂದಳು.

ಮತ್ತೆ ರೇಗಿತು. ಇಷ್ಟು ತಗ್ಗಿ ಕೇಳಿದರೂ ಇವಳದು ಅದೇ ಹಟ. ನಾನು ಬಾಯಿ ತೆರೆಯುವಷ್ಟರಲ್ಲಿ ಅವಳು ಸೆರಗಿಗೆ ಕೈ ಒರೆಸಿಕೊಂಡು, ಚಹಾ ಇಡುತ್ತೇನೆಂದು ಒಳಗೆ ಹೋದಳು.

ಅವಳು ಯಾಕೆ ಹೋದಳೆಂದು ಹೊಳೆಯಲು ನನ್ನಂಥ ದಡ್ಡನಿಗೆ ಸ್ವಲ್ಪ ಹೊತ್ತು ಹಿಡಿಯಿತು. ಹೊಳೆದ ಮೇಲೆ ಕಿಟಕಿಯಲ್ಲಿದ್ದ ಕತ್ತರಿಯನ್ನು ತೆಗೆದುಕೊಂಡೆ. ಅದರ ಪ್ಲಾಸ್ಟಿಕ್ ಹರಿಯಲು ಹಲ್ಲೇ ಬೇಕಾಯಿತು. ಕಳ್ಳನಂತೆ ಬಗ್ಗಿ ಟೊಂಗೆ ಹಿಡಿದಾಗ, ಅಡುಗೆಮನೆಯಿಂದ ಅಕ್ಕ ಒಲೆಗೆ ಹೇಳುವವಳಂತೆ ಹೇಳಿದಳು:

"ಗೆಣ್ಣಿನ ಕೆಳಗ ಕತ್ತರಿಸಬೇಕು. ಹತ್ತೇತೋ ಇಲ್ಲೋ, ಪಂಚಮಿಗಿ ಬಂದು ನೋಡ್ತೀನಿ."