ಯಲ್ಲಾಪುರದ ಪಿಯಾನೊ ಬಾಯಿ

ಚಪ್ಪಾಳೆ ಕೇಳಿದರೆ ಸೆರಾಫಿನಾ ಬಾಯಿಯವರ ಮುಖ ಹಳಸಿದ ಅನ್ನದ ಪಾತ್ರೆಯ ಮುಚ್ಚಳ ತೆಗೆದವರ ಹಾಗೆ ಆಗುತ್ತಿತ್ತು. ಮೂಗಿನ ಹೊಳ್ಳೆ ಸಣ್ಣದಾಗಿ, ತುಟಿ ಒಂದು ಬದಿಗೆ ಎಳೆದುಕೊಳ್ಳುತ್ತಿತ್ತು. ಹಾಡುವವನು ಕಣ್ಣು ಮುಚ್ಚಿ ತಲೆ ಕುಣಿಸಿದರೂ ಅದೇ ಮುಖ. ಹಾರ್ಮೋನಿಯಂ ಪೇಟಿ ಬಾರಿಸುವವನು ಸ್ವರಗಳ ಓಟದ ಕೊನೆಗೆ ಕೈ ಮೇಲೆತ್ತಿ ತೋರಿಸಿದರೂ ಅದೇ ಮುಖ. ತಲೆ ಕುಣಿಸುವುದು, ಕೈ ಎತ್ತುವುದು, ನಾನು ಎರಡನ್ನೂ ಮಾಡುತ್ತಿದ್ದೆ.

ಮೂವತ್ತರ ದಶಕದ ಮೊದಲ ವರ್ಷಗಳು ಅವು. ಶಿರಸಿಯ ದರ್ಜಿಯೊಬ್ಬನ ಮಗನಾದ ನಾನು ಒಂದು ನಾಟಕ ಕಂಪನಿಯಲ್ಲಿ ಪೇಟಿ ಮಾಸ್ತರನಾಗಿದ್ದೆ. ಸಿದ್ದಾಪುರ, ಶಿರಸಿ ಮುಗಿಸಿ ಕಂಪನಿ ಯಲ್ಲಾಪುರಕ್ಕೆ ಬಂದು ತಗಡಿನ ಥಿಯೇಟರು ಕಟ್ಟಿತ್ತು. ಒಂದು ಬೆಳಿಗ್ಗೆ ಕಟ್ಟಿಗೆ ಡಿಪೋದ ಕಡೆ ತಿರುಗಾಡುತ್ತಿದ್ದಾಗ ಹಂಚಿನ ಸಣ್ಣ ಮನೆಯೊಂದರಿಂದ ನಾನು ಎಂದೂ ಕೇಳದ ಒಂದು ನಾದ ಬಂತು. ಬೇಲಿಯ ಹತ್ತಿರವೇ ನಿಂತುಬಿಟ್ಟೆ. ಡಿಪೋದಲ್ಲಿ ರೈಟರ್ ಆಗಿದ್ದ ಪೆದ್ರು ಹೊರಗೆ ಬಂದು ಒಳಗೆ ಕರೆದ. ಬಾರಿಸುತ್ತಿದ್ದವರು ಅವನ ಅಕ್ಕ.

ಗೋವೆಯ ಕಡೆಯವರು. ಮದುವೆಯಾಗಿರಲಿಲ್ಲ. ಬೆಳಗಾವಿಯಲ್ಲಿ ಸಾಹೇಬರ ಮಕ್ಕಳಿಗೆ ಪಿಯಾನೊ ಕಲಿಸುತ್ತಿದ್ದವರು, ತಮ್ಮನ ಹೆಂಡತಿ ತೀರಿಕೊಂಡ ಮೇಲೆ ಅವನ ಮನೆ ನೋಡಿಕೊಳ್ಳಲು ಬಂದಿದ್ದರು. ಬರುವಾಗ ಆ ಪಿಯಾನೊವನ್ನೂ ಎತ್ತಿನ ಗಾಡಿಯಲ್ಲಿ ಹೇರಿಕೊಂಡು ಬಂದಿದ್ದರು. ಯಲ್ಲಾಪುರದ ಥಂಡಿಗೆ ಅದು ಉಬ್ಬಬಾರದೆಂದು ಅದರ ಹೊಟ್ಟೆಯೊಳಗೆ ಸಣ್ಣ ದೀಪ ಹಚ್ಚಿಡುತ್ತಿದ್ದರು. ಆದರೂ ನಾಲ್ಕೈದು ಪಟ್ಟಿಗಳು ಸ್ವರ ಬಿಟ್ಟಿದ್ದವು. ಅವನ್ನು ತಪ್ಪಿಸಿ ಬಾರಿಸುವುದು ಅವರಿಗೆ ಅಭ್ಯಾಸವಾಗಿತ್ತು.

ಬಾರಿಸುವಾಗ ಅವರ ಮುಖದಲ್ಲಿ ಏನೂ ಇರುತ್ತಿರಲಿಲ್ಲ. ಅಕ್ಕಿ ಆರಿಸುವ ಹೆಂಗಸಿನ ಮುಖ ಹೇಗಿರುತ್ತದೋ ಹಾಗೆ. ಕೇಳುತ್ತಿದ್ದ ನಾನು ಮಾತ್ರ ಕಣ್ಣು ಒರೆಸಿಕೊಳ್ಳುತ್ತಿದ್ದೆ. ಅದೇ ನನಗೆ ಬಗೆಹರಿಯಲಿಲ್ಲ. ಇಷ್ಟು ದುಃಖ ಎಲ್ಲಿಂದ ಬಂತು ಎಂದು ಕೇಳಿದೆ. ಅವರು ಒಂದೇ ಒಂದು ಪಟ್ಟಿ ಒತ್ತಿ ಸುಮ್ಮನೆ ಕೂತರು. ನಾದ ಸಣ್ಣಗಾಗುತ್ತ ಹೋಯಿತು. ಮುಗಿಯಿತೆಂದುಕೊಂಡು ನಾನು ಬಾಯಿ ತೆರೆದೆ.

“ತಡೀರಿ ಮಾಸ್ತರ್, ಇನ್ನೂ ಅದೆ” ಎಂದರು.

ನಿಜ, ಇನ್ನೂ ಇತ್ತು. ನನ್ನ ಪೇಟಿಯಲ್ಲಿ ತಿದಿ ಒತ್ತಿದಷ್ಟು ಹೊತ್ತು ಸ್ವರ ನಿಲ್ಲುತ್ತದೆ, ಬೇಕಾದರೆ ಉಬ್ಬಿಸಬಹುದು. ಪಿಯಾನೊದಲ್ಲಿ ಹಾಗಿಲ್ಲ, ಒತ್ತಿದ ಕೂಡಲೇ ಸ್ವರ ಸಾಯಲು ಶುರುವಾಗುತ್ತದೆ, ಆಮೇಲೆ ಬಾರಿಸುವವನು ಏನು ಒದ್ದಾಡಿದರೂ ಉಪಯೋಗವಿಲ್ಲ ಎಂದು ಅವರು ತಿಳಿಸಿ ಹೇಳಿದರು. ಅದಕ್ಕೇ ಮುಂದಿನ ಸ್ವರವನ್ನು, ಹಿಂದಿನದು ಎಷ್ಟು ಉಳಿದಿದೆಯೋ ಅಷ್ಟೇ ಮೆಲ್ಲಗೆ ಮುಟ್ಟಬೇಕಂತೆ. ಅದಕ್ಕೆ ಕಿವಿ ಬೇಕು, ಮುಖ ಬೇಡ. ಕೇಳುವವನ ದುಃಖವನ್ನು ನಾವು ಅತ್ತು ತೋರಿಸಿದರೆ ಅವನಿಗೆ ಏನು ಉಳಿಯಿತು ಎಂದು ಕೇಳಿದರು.

ಆಮೇಲೆ ವಾರಕ್ಕೆ ಮೂರು ಬೆಳಿಗ್ಗೆ ಹೋಗತೊಡಗಿದೆ. ಅವರು ಪಿಯಾನೊ ಕಲಿಸಲಿಲ್ಲ. ನನ್ನ ಕೈಪೇಟಿಯನ್ನೇ ತರಿಸಿ, ಒಂದು ಸಾಲು ನುಡಿಸಿ ನಿಲ್ಲಿಸಿ ಎನ್ನುತ್ತಿದ್ದರು. ನಿಲ್ಲಿಸುವುದು ನನಗೆ ಬರುತ್ತಿರಲಿಲ್ಲ. ಖಾಲಿ ಜಾಗ ಕಂಡಲ್ಲೆಲ್ಲ ಬೆರಳು ಓಡುತ್ತಿತ್ತು. “ಎಂತಕ್ಕೆ ಅಷ್ಟು ಹೆದರಿಕೆ?” ಎಂದು ಒಮ್ಮೆ ಕೇಳಿದರು. ನನಗೆ ಸಿಟ್ಟು ಬಂತು. ಓಟದ ಪೇಟಿ ಮಾಸ್ತರ ಎಂದೇ ಹೆಸರು ಮಾಡಿದವನು ನಾನು. ಆದರೂ ಮರುದಿನ ಹೋದೆ.

ಅದೇ ಚಳಿಗಾಲ ಕಂಪನಿಯ ಶಂಕರಪ್ಪನ ಮಗಳು ಮಲೇರಿಯಾ ಜ್ವರದಲ್ಲಿ ತೀರಿಕೊಂಡಳು. ಮೂರು ವರ್ಷದ ಕೂಸು. ಶಂಕರಪ್ಪ ಗದಗಿನ ಕಡೆಯವನು, ಹೆಣ್ಣು ಪಾತ್ರಕ್ಕೆ ಹೆಸರಾದವನು. ಹೆಂಡತಿಯೂ ಕಂಪನಿಯ ಬಿಡಾರದಲ್ಲೇ ಇದ್ದಳು. ನಮ್ಮ ನಾಟಕವೊಂದರಲ್ಲಿ ಸತ್ತ ಮಗುವನ್ನು ಮಡಿಲಲ್ಲಿಟ್ಟುಕೊಂಡು ತಾಯಿ ಹಾಡುವ ಪದವಿತ್ತು, ಅದು ಅವನದೇ. ಬುಧವಾರ ಕೂಸನ್ನು ಮಣ್ಣು ಮಾಡಿ ಬಂದೆವು. ಗುರುವಾರ ಮಾಲಕ ಡಂಗುರ ಸಾರಿಸಿದ. ಸಂತೆಯ ದಿನ ಮಧ್ಯಾಹ್ನ ವಿಶೇಷ ಆಟ, ಸ್ವಂತ ಮಗಳನ್ನು ಕಳೆದುಕೊಂಡ ನಟ ಅದೇ ಪಾತ್ರದಲ್ಲಿ, ಬಂದು ನೋಡಿ ಎಂದು.

ಅದು ಹೇಸಿಗೆಯ ಕೆಲಸವೆಂದು ಈಗ ಬರೆಯುತ್ತಿದ್ದೇನೆ. ಆದರೆ ಅಂದು ನಾವು ಯಾರೂ ಬಾಯಿ ಬಿಡಲಿಲ್ಲ. ಕಂಪನಿಯ ಅನ್ನ ತಿನ್ನುತ್ತಿದ್ದೆವು. ಶಂಕರಪ್ಪನೂ ಇಲ್ಲ ಎನ್ನಲಿಲ್ಲ. ಬಾಯಿಯವರಿಗೆ ನಾನು ಹೇಳಿದ್ದು ಇಷ್ಟೇ, ಆ ಪದಕ್ಕೆ ಬರೀ ಶ್ರುತಿ ಹಿಡಿಯುತ್ತೇನೆ, ನೀವು ಹೇಳಿಕೊಟ್ಟ ಹಾಗೆ. ಅವರು ಬಂದು ಕೇಳುತ್ತೇನೆ ಎಂದರು.

ಥಿಯೇಟರು ತುಂಬಿತ್ತು. ತಗಡಿನ ಕಾವಿಗೆ ಬೆವರು, ಬೀಡಿ, ಎಲೆಯಡಿಕೆಯ ಉಗುಳು, ಎಲ್ಲ ಸೇರಿ ನಾರುತ್ತಿತ್ತು. ಶಂಕರಪ್ಪ ಬಟ್ಟೆಯ ಗೊಂಬೆಯನ್ನು ಮಡಿಲಲ್ಲಿಟ್ಟುಕೊಂಡು ಹಾಡಿದ. ನಾನು ಶ್ರುತಿ ಬಿಟ್ಟು ಏನೂ ನುಡಿಸಲಿಲ್ಲ. ಅವನ ದನಿ ಒಡೆದಿತ್ತು, ಎಂದಿನ ತಾನಗಳಿರಲಿಲ್ಲ, ಹೇಳಬೇಕಾದ್ದನ್ನಷ್ಟೇ ಹೇಳಿದ ಹಾಗೆ ಹಾಡಿ ಮುಗಿಸಿದ. ಆಮೇಲೆ ಹಿಂದಿನ ಬೆಂಚಿನಿಂದ ಯಾರೋ “ವನ್ಸ್ ಮೋರ್” ಎಂದರು, ಉಳಿದವರೂ ಸೇರಿದರು. ಅವನು ಮತ್ತೆ ಹಾಡಿದ. ಮತ್ತೆ ವನ್ಸ್ ಮೋರ್. ಮಾಲಕ ಪರದೆಯ ಸಂದಿಯಿಂದ ಹಾಡು ಎಂದು ಕೈಸನ್ನೆ ಮಾಡಿದ.

ಮೂರನೆಯ ಸಲ ಎರಡನೆಯ ಸಾಲಿಗೆ ಶಂಕರಪ್ಪ ನಿಂತುಬಿಟ್ಟ. ದನಿ ಬರಲಿಲ್ಲ. ಗೊಂಬೆಯನ್ನು ನೋಡುತ್ತ ಕೂತ. ಆ ಖಾಲಿ ಜಾಗ ನನ್ನಿಂದ ತಡೆಯಲಾಗಲಿಲ್ಲ. ಕೆಳಗಿನ ಸಪ್ತಕದಿಂದ ಮೇಲಿನವರೆಗೆ ಒಂದು ಓಟ ಬಿಟ್ಟೆ, ಅಲ್ಲಿ ನಾಲ್ಕು ಸುತ್ತು ತಿರುಗಿಸಿ ಕೆಳಗಿಳಿದೆ. ಕೈಯನ್ನೂ ಎತ್ತಿದೆ. ತಗಡು ಹಾರುವಂಥ ಚಪ್ಪಾಳೆ ಬಿತ್ತು. ಅದು ನನಗೆ ಬಿದ್ದದ್ದು. ಆ ಗಳಿಗೆಯಲ್ಲಿ ನನಗೆ ಖುಷಿಯಾಗಿತ್ತು, ಅದನ್ನು ಮುಚ್ಚಿಟ್ಟು ಪ್ರಯೋಜನವಿಲ್ಲ. ತಲೆಯೆತ್ತಿ ನೋಡಿದರೆ ಹೆಂಗಸರ ಸಾಲಿನಿಂದ ಬಾಯಿಯವರು ಎದ್ದು ಹೋಗುತ್ತಿದ್ದರು.

ಮರುದಿನ ಹೋದೆ. ಪಿಯಾನೊದ ಮುಚ್ಚಳ ಹಾಕಿತ್ತು. ಕೂಡ್ರಿ ಎನ್ನಲಿಲ್ಲ.

“ಅವ ಸುಮ್ಮನಾದ ನೋಡಿ, ಅದೇ ಹಾಡು. ನೀವು ಅದರ ಮೇಲೆ ಉಗುಳಿದ್ರಿ” ಎಂದರು. ದನಿ ಏರಿರಲಿಲ್ಲ. ಇನ್ನು ಬರುವುದು ಬೇಡ ಎಂದರು.

ನೆಟ್ಟಗೆ ಬಿಡಾರಕ್ಕೆ ಬಂದು ಶಂಕರಪ್ಪನ ಮುಂದೆ ನಿಂತೆ. ತಪ್ಪಾಯಿತು ಎಂದೆ. ಅವನು ನನ್ನ ಕೈ ಹಿಡಿದುಕೊಂಡ.

“ಮಾಸ್ತರ, ನೀವು ಬಾರಿಸಿದ್ದಕ್ಕ ನಾ ಉಳಕೊಂಡೆ. ಇಲ್ಲಾಂದ್ರ ಅಲ್ಲೇ ಕುಸದು ಬೀಳತಿದ್ದೆ” ಎಂದ.

ಅವನು ಬೈದಿದ್ದರೆ ಹಗುರವಾಗುತ್ತಿತ್ತು. ನಾನು ಅವನನ್ನು ಉಳಿಸಲು ಬಾರಿಸಿರಲಿಲ್ಲ, ಅವನ ನೆನಪೇ ನನಗಿರಲಿಲ್ಲ. ಅಂದಿನಿಂದ ನನ್ನ ಬೆರಳು ನೋಡಿದರೆ ನನಗೇ ಅಸಹ್ಯವಾಗತೊಡಗಿತು. ಕಂಪನಿ ಹಳಿಯಾಳಕ್ಕೆ ಹೊರಟಾಗ ನಾನು ಹೋಗಲಿಲ್ಲ. ಶಿರಸಿಗೆ ಬಂದು ಅಪ್ಪನ ಹೊಲಿಗೆ ಮಿಶನ್ನಿನ ಮುಂದೆ ಕೂತೆ. ವರ್ಷದ ಮೇಲೆ ಒಂದು ಶಾಲೆಯಲ್ಲಿ ಪ್ರಾರ್ಥನೆಗೆ ಪೇಟಿ ಹಿಡಿಯುವ, ಮಕ್ಕಳಿಗೆ ಪೇಟಿ ಕಲಿಸುವ ಕೆಲಸ ಸಿಕ್ಕಿತು.

ಬಾಯಿಯವರನ್ನು ಕೊನೆಯ ಸಲ ಕಂಡದ್ದು ಶಿರಸಿಯ ಮೋಟಾರು ಸ್ಟ್ಯಾಂಡಿನಲ್ಲಿ, ಎರಡು ವರ್ಷದ ಮೇಲೆ. ಪೆದ್ರು ಕೆಲಸ ಬಿಟ್ಟಿದ್ದನಂತೆ, ಇಬ್ಬರೂ ಕುಮಟೆಯ ಮೇಲಿಂದ ಗೋವೆಗೆ ಹೊರಟಿದ್ದರು. ಪಿಯಾನೊ ಏನಾಯಿತು ಎಂದು ಕೇಳಿದೆ. ಗೆದ್ದಲು ಹಿಡಿಯಿತು, ಬಿಟ್ಟು ಬಂದೆವು ಎಂದರು. ನಾನು ಕಂಪನಿ ಬಿಟ್ಟದ್ದನ್ನು, ಈಗ ಮೆಲ್ಲಗೆ ನುಡಿಸುವುದನ್ನು, ಮಕ್ಕಳಿಗೆ ನಿಲ್ಲಿಸುವುದನ್ನು ಮೊದಲು ಕಲಿಸುವುದನ್ನು ಒಂದೇ ಉಸಿರಿಗೆ ಹೇಳಿದೆ. ಮೆಚ್ಚಿಯಾರು ಎಂಬ ಆಸೆಯಿತ್ತು. ಅವರು ಪೂರ್ತಿ ಕೇಳಿಸಿಕೊಂಡರು.

“ಆ ಹೆಣ್ಣುಕೂಸಿನ ಹೆಸರು ಎಂತ ಮಾಸ್ತರ್?” ಎಂದರು.

ಶಂಕರಪ್ಪನ ಜೊತೆ ನಾಲ್ಕು ವರ್ಷ ಒಂದೇ ಬಿಡಾರದಲ್ಲಿ ಉಂಡವನು ನಾನು. ಆ ಕೂಸು ನನ್ನ ಪೇಟಿಯ ಕೆಳಗೇ ಆಡಿಕೊಂಡಿರುತ್ತಿತ್ತು. ಎಷ್ಟು ನೆನಪು ಮಾಡಿಕೊಂಡರೂ ಹೆಸರು ಬರಲಿಲ್ಲ.

“ಸುಭದ್ರೆ” ಎಂದರು ಬಾಯಿಯವರು. “ಅದರ ತಾಯಿಯನ್ನು ಕೇಳಿದೆ ನಾನು.”

ಪೆದ್ರು ಗಂಟುಗಳನ್ನು ಮೋಟಾರಿನ ಮೇಲೆ ಹಾಕಿಸಿ ಅಕ್ಕನನ್ನು ಕರೆದ. ಅವರು ಹತ್ತಿ ಕೂತರು.